ನೀವು ಕೇಳಿದ್ರಿ: ಬಾಗಿಲು ಹಾಕ್ಕೊಂಡು 520 ದಿನ

ಹೋದ ಸಂಚಿಕೆಲಿ ಯಾರೋ ಮಂಗಳ ಗ್ರಹಕ್ಕೆ ಹೋಗಿ ಬರೋಕೆ ಎಷ್ಟು ದಿನ ಬೇಕು ಅಂತ ಕೇಳಿದ್ರು. ಅದಕ್ಕೆ ಉತ್ತರ ಬರೀತಾ ಕೊನೇಲಿ, ಮಾಸ್ಕೋದಲ್ಲಿ ಆರು ಜನರನ್ನ 520 ದಿನ ಒಳಗೆ ಕೂಡಿಹಾಕಿ ಮಂಗಳಯಾತ್ರೆಯ ರಿಹರ್ಸಲ್ ಮಾಡಿದ್ರು ಅಂತ ಒಂದೇ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ, ಮೆಸೇಜು ಈ ಅಂಕಣಕ್ಕೆ ಯಾವತ್ತೂ ಬಂದಿರಲಿಲ್ಲ. ಮಂಗಳ ಯಾರಿಗೂ ಬೇಡ, ಒಳಗೆ ಕೂತೋರು ಕಿತ್ತಾಡಿದ್ರಾ ಇಲ್ವಾ ಅನ್ನೋದು ಎಲ್ಲರಿಗೂ ಬೇಕು. ಸರಿ, ಈ ಸಲ ಪೂರ್ತಿ ಅದೇ ಮಾತಾಡೋಣ.

ಪ್ರಶ್ನೆ: ನೆಲದ ಮೇಲೆ ಕೂತ್ಕೊಂಡು ಆಕಾಶಕ್ಕೆ ಹೋದೋರ ಥರ ನಟಿಸಿದ್ರೆ ಏನ್ ಸಾರ್ ಗೊತ್ತಾಗುತ್ತೆ? ಗೋಡೆ ಆಚೆ ಮಾಸ್ಕೋ ಊರಿದೆ ಅಂತ ಒಳಗಿರೋರಿಗೆ ಗೊತ್ತಿರಲ್ವಾ? ನನಗೇನೋ ಇದು ದುಡ್ಡು ದಂಡ ಅನ್ಸುತ್ತೆ. (ರಿಟೈರ್ಡ್ ಮೇಷ್ಟ್ರು, ಸರಸ್ವತಿಪುರಂ, ಮೈಸೂರು)

ಉತ್ತರ: ಚೆನ್ನಾಗೇ ಗೊತ್ತಿರುತ್ತೆ ಮೇಷ್ಟ್ರೇ. ಇಲ್ಲಿ ತೂಕ ಕಳ್ಕೊಂಡು ತೇಲೋದಿಲ್ಲ, ವಿಕಿರಣ ಇಲ್ಲ, ಗೋಡೆ ಬಿರುಕು ಬಿಟ್ರೆ ಸತ್ತೇ ಹೋಗ್ತೀವಿ ಅನ್ನೋ ಭಯಾನೂ ಇಲ್ಲ, ಅಷ್ಟರ ಮಟ್ಟಿಗೆ ನಾಟಕಾನೇ. ಆದ್ರೆ ಅದೇ ಐದು ಮುಖ, ಅದೇ ದೀಪ, ಅದೇ ಟೇಬಲ್ಲು ದಿನಾ ನೋಡಿ ನೋಡಿ ಬರೋ ಬೇಜಾರಿದೆಯಲ್ಲ, ಅದನ್ನ ಯಾರೂ ನಟಿಸಬೇಕಾಗಿಲ್ಲ. ಎರಡನೇ ತಿಂಗಳಿಗೆ ಅದು ತಾನಾಗೇ ಬಂದು ಒಳಗೆ ಕೂತ್ಕೊಳುತ್ತೆ. ವಿಜ್ಞಾನಿಗಳು ಅಳೆಯೋಕೆ ಹೋಗೋದು ಅದನ್ನೇ.

ಮಾರ್ಸ್-500 ಅಂತ ಅದರ ಹೆಸರು. 2010ರ ಜೂನ್ 3ಕ್ಕೆ ಬಾಗಿಲು ಹಾಕಿದ್ರು, ತೆಗೆದಿದ್ದು 2011ರ ನವೆಂಬರ್ 4ಕ್ಕೆ. ಮೂವರು ರಷ್ಯನ್ನರು, ಫ್ರಾನ್ಸಿನ ಒಬ್ಬ, ಇಟಲಿಯಿಂದ ಒಬ್ಬ, ಚೀನಾದ ಒಬ್ಬ. ಅದಕ್ಕೆ ಮುಂಚೆ 2009ರಲ್ಲಿ 105 ದಿನದ ಒಂದು ಪ್ರಾಕ್ಟೀಸ್ ಕೂಡ ಆಗಿತ್ತು. ಒಳಗೆ ಮರದ ಹಲಗೆ ಹೊಡೆದ ಉದ್ದನೆ ಕೊಳವೆ ಥರದ ರೂಮುಗಳು, ಕಿಟಕಿ ಇಲ್ಲ, ಒಬ್ಬೊಬ್ಬರಿಗೂ ಒಂದು ಪುಟ್ಟ ಗೂಡು. ಮಧ್ಯದಲ್ಲಿ, 2011ರ ಫೆಬ್ರವರಿಲಿ, ಮಂಗಳ ಬಂತು ಅಂತ ಲೆಕ್ಕ ಹಾಕಿ ಮೂವರು ಲ್ಯಾಂಡರಿಗೆ ಹೋದ್ರು, ಸಲಕ್ಕೆ ಇಬ್ಬರಂತೆ ಭಾರದ ಸೂಟ್ ಹಾಕ್ಕೊಂಡು ಮರಳು ಸುರಿದ ಒಂದು ಕತ್ತಲೆ ಹಾಲ್‌ನಲ್ಲಿ ನಡೆದಾಡಿದ್ರು. ಉಳಿದ ಮೂವರು 'ಕಕ್ಷೆಯಲ್ಲಿ' ಕಾದ್ರು, ಅಂದ್ರೆ ಪಕ್ಕದ ರೂಮಲ್ಲಿ. ಕೇಳಿದ್ರೆ ನಗು ಬರುತ್ತೆ, ನಿಜ. ಆದ್ರೆ ಅದಾದ ಮೇಲೂ ವಾಪಸ್ ಬರೋಕೆ ಎಂಟು ಒಂಬತ್ತು ತಿಂಗಳಿತ್ತು ನೋಡಿ, ನೋಡೋದೆಲ್ಲ ಮುಗಿದು ಹೋಗಿ ಬರೀ ದಾರಿ ಉಳಿದಿತ್ತು, ನನಗೆ ಭಯ ಆಗೋದು ಆ ಭಾಗ.

ಗೊತ್ತಾಗಿದ್ದೇನು ಅಂದ್ರೆ, ಆರೂ ಜನರ ಕೈಗೆ ಕಟ್ಟಿದ್ದ ವಾಚಿನಂಥ ಯಂತ್ರ ಎಲ್ಲ ಲೆಕ್ಕ ಇಟ್ಟಿತ್ತು. ದಿನ ಕಳೆದ ಹಾಗೆ ಓಡಾಟ ಕಡಿಮೆ ಆಯ್ತು, ಮಲಗೋದು, ಸುಮ್ನೆ ಒರಗೋದು ಜಾಸ್ತಿ ಆಯ್ತು. ಒಬ್ಬನಿಗಂತೂ ದಿನವೇ 25 ಗಂಟೆಗೆ ಎಳೆದುಬಿಡ್ತು. ದಿನಕ್ಕೊಂದು ಗಂಟೆ ಜಾರ್ತಾ ಜಾರ್ತಾ ಹನ್ನೆರಡು ದಿನಕ್ಕೆ ಅವನ ಹಗಲು ಉಳಿದೋರ ರಾತ್ರಿ, ಎಲ್ಲರೂ ಕೂತು ಊಟ ಮಾಡೋವಾಗ ಇವನು ನಿದ್ದೆ, ಇವನು ಎದ್ದು ಓಡಾಡೋವಾಗ ಮಾತಿಗೆ ಒಬ್ಬರೂ ಇಲ್ಲ. ಒಂದೇ ಮನೆಲಿ ಇದ್ದು ಬೇರೆ ದೇಶದಲ್ಲಿದ್ದ ಹಾಗಾಯ್ತು. ಹದಿನೇಳು ತಿಂಗಳು ಪೂರ್ತಿ ಮನಸ್ಸಿಗೂ ನಡವಳಿಕೆಗೂ ಏನೂ ತೊಂದ್ರೆ ಕಾಣಿಸದೆ ಹೊರಗೆ ಬಂದೋರು ಆರರಲ್ಲಿ ಇಬ್ಬರೇ. ಇವರೆಲ್ಲ ಜರಡಿ ಹಿಡಿದು ಆರಿಸಿದ ಜನ ಅನ್ನೋದು ಮರೀಬೇಡಿ. ರಾಕೆಟ್ ಮೇಲೆ ಹೋದಾಗ ಇದು ಗೊತ್ತಾಗೋದಕ್ಕಿಂತ ಮಾಸ್ಕೋದಲ್ಲಿ ಗೊತ್ತಾದ್ರೆ ದುಡ್ಡು ದಂಡ ಅಂತ ನಾನಂತೂ ಅನ್ನಲ್ಲ.

ಪ್ರಶ್ನೆ: ಸುತ್ತಿ ಬಳಸಿ ಹೇಳ್ಬೇಡಿ, ಜಗಳ ಆಯ್ತಾ ಇಲ್ವಾ? (ಗೃಹಿಣಿ, ಕುವೆಂಪುನಗರ, ಮೈಸೂರು)

ಉತ್ತರ: ಆಯ್ತು ಮೇಡಂ, ಆದ್ರೆ ನೀವಂದ್ಕೊಂಡ ಹಾಗಲ್ಲ. ವಾರವಾರ ಅವರ ಹತ್ರ ಪ್ರಶ್ನೆಪತ್ರಿಕೆ ತುಂಬಿಸ್ತಿದ್ರು, ಈ ವಾರ ಯಾರ ಜೊತೆ ಮನಸ್ತಾಪ ಅಂತ. ಒಳಗಿದ್ದೋರು ಪರಸ್ಪರ ಕಿತ್ತಾಡಿದ್ದಕ್ಕಿಂತ ಹೊರಗೆ ಕಂಟ್ರೋಲ್ ರೂಮಲ್ಲಿ ಕೂತಿದ್ದೋರ ಮೇಲೆ ಸಿಟ್ಟಾಗಿದ್ದು ಐದು ಪಟ್ಟು ಜಾಸ್ತಿ! ನಮ್ಮಲ್ಲಿ ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಅದೇ. ಪಕ್ಕದ ಗೂಡಿನವನ ಮೇಲೆ ರೇಗಿದ್ರೆ ನಾಳೆ ಬೆಳಿಗ್ಗೆ ಮತ್ತೆ ಅವನ ಎದುರಿಗೇ ತಿಂಡಿ ತಿನ್ಬೇಕು, ಹಂಗಾಗಿ ಕೊತ್ತಿ ಹುಡುಕ್ತಾರೆ, ಕಂಟ್ರೋಲ್ ರೂಮು ಆ ಕೊತ್ತಿ. ರಷ್ಯನ್ನರ ಹಳೇ ಬಾಹ್ಯಾಕಾಶ ನಿಲ್ದಾಣ ಮೀರ್‌ನಲ್ಲೂ ಈಗಿನ ಅಂತರರಾಷ್ಟ್ರೀಯ ನಿಲ್ದಾಣದಲ್ಲೂ ಇದ್ದೋರನ್ನ ಸ್ಟಡಿ ಮಾಡಿದ ಅಮೆರಿಕದ ಮನೋವೈದ್ಯ ನಿಕ್ ಕೇನಸ್ ಇದನ್ನೇ ಬರೆದಿದಾರೆ, ಒಳಗಿನ ಒತ್ತಡ ಕೆಳಗಿನೋರ ಮೇಲೆ ವರ್ಗಾವಣೆ ಆಗುತ್ತೆ ಅಂತ. ಇನ್ನೊಂದು ಮಜಾ ಕೇಳಿ. ಮಾರ್ಸ್-500ರಲ್ಲಿ ವರದಿಯಾದ ಜಗಳಗಳಲ್ಲಿ ನೂರಕ್ಕೆ 85 ಬರೀ ಇಬ್ಬರ ಲೆಕ್ಕಕ್ಕೆ ಬಂದಿದ್ದು, ಆ ಇಬ್ಬರೇ ಎಲ್ಲರಿಗಿಂತ ಹೆಚ್ಚು ಸುಸ್ತು, ಹೆಚ್ಚು ಒತ್ತಡ ಅಂತ ಬರ್ಕೊಂಡಿದ್ದೋರು. ಸಿಡುಕೋರನ್ನ ಕಂಡ್ರೆ ನಾವು ಸ್ವಭಾವಾನೇ ಅಷ್ಟು ಅಂತೀವಲ್ಲ, ಎಷ್ಟೋ ಸಲ ಅವರಿಗೆ ನಿದ್ದೆ ಆಗಿರಲ್ಲ.

ಇದು ನನಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ. 2020ರ ಯುಗಾದಿ ದಿನಾನೇ ದೇಶ ಲಾಕ್‌ಡೌನ್ ಆಗಿದ್ದು ನೆನಪಿದೆಯಲ್ಲ, ಹಬ್ಬಕ್ಕೆ ಅಂತ ಹಿಂದಿನ ದಿನ ಬಂದ ನಮ್ಮ ಷಡ್ಡಕ ನಮ್ಮನೇಲೇ ಉಳ್ಕೊಂಡ್ರು. ಮೇ ತಿಂಗಳಲ್ಲಿ ಬಸ್ ಬಿಡೋವರೆಗೂ. ಬಂಗಾರದಂಥ ಮನುಷ್ಯ, ಕೊತ್ತಂಬರಿ ಸೊಪ್ಪು ಬಿಡಿಸಿ ಕೊಡೋರು, ಮಕ್ಕಳಿಗೆ ಚೌಕಾಬಾರ ಹೇಳಿಕೊಟ್ರು. ಆದ್ರೆ ಕಾಫಿಗೆ ಸಕ್ಕರೆ ಕಲಕಿದ ಮೇಲೆ ಸ್ಪೂನನ್ನ ಲೋಟದ ಅಂಚಿಗೆ ಮೂರು ಸಲ ಬಡೀತಾರೆ, ಟಿಣ್, ಟಿಣ್, ಆಮೇಲೆ ಒಂದು ಕ್ಷಣ ಬಿಟ್ಟು ಇನ್ನೊಂದು ಟಿಣ್. ಮೊದಲನೇ ವಾರ ನನಗೆ ಕೇಳಿಸ್ಲೇ ಇಲ್ಲ. ಮೂರನೇ ವಾರಕ್ಕೆ ಕೇಳಿಸ್ತು. ನಲವತ್ತನೇ ದಿನಕ್ಕೆ ಹೇಗಾಗಿತ್ತು ಅಂದ್ರೆ, ಎರಡು ಟಿಣ್ ಆದ ಮೇಲೆ ಆ ಮೂರನೇದಕ್ಕೆ ನಾನು ರೂಮಲ್ಲಿ ಉಸಿರು ಬಿಗಿ ಹಿಡಿದು ಕಾಯ್ತಿದ್ದೆ. ಅವರಿಗೆ ಒಂದು ಮಾತು ಹೇಳ್ಲಿಲ್ಲ. ಬದಲಿಗೆ ಹಾಲಿನವನ ಜೊತೆ ಗೇಟಲ್ಲಿ ಜಗಳ ತೆಗೆದೆ, ಹಾಲು ನೀರು ಅಂತ. ಪಾಪ, ಅದು ಪ್ಯಾಕೆಟ್ ಹಾಲು.

ಪ್ರಶ್ನೆ: ನನ್ನ ಮಗ ಹಡಗಿನಲ್ಲಿ ಕೆಲಸದಲ್ಲಿದಾನೆ, ಒಂದ್ಸಲ ಹೋದ್ರೆ ಒಂಬತ್ತು ತಿಂಗಳು. ಹೋದ ಹೊಸ್ದರಲ್ಲಿ ಫೋನಲ್ಲಿ ಚೆನ್ನಾಗೇ ಮಾತಾಡ್ತಾನೆ, ಐದು ಆರು ತಿಂಗಳಾದ್ಮೇಲೆ ಬರೀ ಹೂಂ, ಉಹೂಂ. ನೀವು ಬರೆದಿದ್ದು ಓದಿ ಅವನ ನೆನಪಾಯ್ತು, ಇದಕ್ಕೂ ಅದಕ್ಕೂ ಸಂಬಂಧ ಇದ್ಯಾ ಸ್ವಾಮಿ? (ತಾಯಿ, ಮಂಡ್ಯ. ಹೆಸರು ಹಾಕ್ಬೇಡಿ ಅಂದಿದಾರೆ)

ಉತ್ತರ: ಇದೆ ಅಮ್ಮಾ. ನಿಮ್ಮ ಪತ್ರ ಎರಡು ಸಲ ಓದಿದೆ. ಅಂಟಾರ್ಕ್ಟಿಕಾದಲ್ಲಿ, ಸಬ್‌ಮರೀನಲ್ಲಿ, ಇಂಥ ಪ್ರಯೋಗಗಳಲ್ಲಿ ಇದ್ದೋರನ್ನ ನೋಡಿ 1991ರಲ್ಲಿ ಇಬ್ಬರು ಸಂಶೋಧಕರು ಒಂದು ಮಾತು ಹೇಳಿದ್ರು, ಒಟ್ಟು ಅವಧಿನ ನಾಲ್ಕು ಪಾಲು ಮಾಡಿದ್ರೆ ಮೂರನೇ ಪಾಲಲ್ಲಿ ಮನಸ್ಸು ಕುಸಿಯುತ್ತೆ ಅಂತ. ತಿಂಗಳು ಎಷ್ಟಾದ್ರೂ ಸರಿ, ಅರ್ಧ ದಾಟಿದ ಮೇಲೆ. ಯಾಕೆ ಅಂದ್ರೆ ಅಲ್ಲಿವರೆಗೂ ಅರ್ಧ ಮುಗೀಲಿ ಅಂತ ಹಲ್ಲು ಕಚ್ಚಿರ್ತಾರೆ, ಅರ್ಧ ಮುಗಿದ ದಿನ ಗೊತ್ತಾಗುತ್ತೆ, ಇಷ್ಟೇ ಇನ್ನೊಂದ್ಸಲ ಇದೆ ಅಂತ. ಎಲ್ಲ ಕಡೆಯೂ ಎಲ್ಲರಿಗೂ ಹೀಗೇ ಆಗಿಲ್ಲ, ಕೆಲವು ಪ್ರಯೋಗದಲ್ಲಿ ಇದು ಕಾಣಿಸ್ಲೇ ಇಲ್ಲ, ಆದ್ರೂ ಒಂಬತ್ತರಲ್ಲಿ ಐದು ಆರನೇ ತಿಂಗಳು ಅಂತ ನೀವು ಬರೆದಿದ್ದು ಆ ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ.

ಅಂಟಾರ್ಕ್ಟಿಕಾದಲ್ಲಿ ಫ್ರಾನ್ಸ್ ಮತ್ತೆ ಇಟಲಿ ಸೇರಿ ನಡೆಸೋ ಕಾಂಕಾರ್ಡಿಯಾ ಅಂತ ಒಂದು ಠಾಣೆ ಇದೆ, ಯುರೋಪಿನ ಬಾಹ್ಯಾಕಾಶ ಸಂಸ್ಥೆ ಅಲ್ಲಿಗೆ ವರ್ಷಕ್ಕೊಬ್ಬ ಡಾಕ್ಟರನ್ನ ಕಳಿಸುತ್ತೆ, ಇದನ್ನ ನೋಡೋಕೆ ಅಂತಾನೇ. ಚಳಿಗಾಲದಲ್ಲಿ ಮೈನಸ್ 80 ಡಿಗ್ರಿವರೆಗೂ ಇಳಿಯುತ್ತೆ, ವಿಮಾನ ಇಳಿಯೋಕಾಗಲ್ಲ, ಮೂರು ನಾಲ್ಕು ತಿಂಗಳು ಸೂರ್ಯನೇ ಇಲ್ಲ, ಹತ್ತು ಹದಿನೈದು ಜನ ಅಷ್ಟೇ. ಅಂಥ ಜಾಗದಲ್ಲಿ ಇದ್ದೋರ ಮಧ್ಯೆ ಒಂದು ಹಳೇ ತಮಾಷೆ ಓಡಾಡುತ್ತೆ, ಹತ್ತಡಿ ರೂಮಲ್ಲಿ ಕೂತು ಹನ್ನೆರಡಡಿ ದೂರ ನೋಡೋ ನೋಟ ಅಂತ. ಮಾತಾಡಿಸಿದ್ರೆ ಅರ್ಧ ವಾಕ್ಯ ಹೇಳಿ ನಿಲ್ಲಿಸಿಬಿಡ್ತಾರೆ. ಸಿಟ್ಟಿರಲ್ಲ, ದುಃಖಾನೂ ಅಲ್ಲ, ಮನಸ್ಸು ಕಡಿಮೆ ಉರಿ ಮೇಲೆ ಇರುತ್ತೆ ಅಷ್ಟೇ.

ಮಗನಿಗೆ ಯಾಕೋ ಮಾತಾಡಲ್ಲ ಅಂತ ಕೇಳ್ಬೇಡಿ, ಅವನ ಹತ್ರ ಹೇಳೋಕೆ ಏನೂ ಇರಲ್ಲ, ನಿನ್ನೆ ಸಮುದ್ರ, ಇವತ್ತೂ ಸಮುದ್ರ. ನೀವೇ ಮಾತಾಡಿ. ಪಕ್ಕದ ಮನೆ ಹಸು ಕರು ಹಾಕಿದ್ದು, ವಿಸಿ ನಾಲೆಗೆ ನೀರು ಬಿಟ್ಟಿದ್ದು, ಆಲೆಮನೆ ಶುರುವಾಗಿದ್ದು, ಯಾರ ಮದುವೇಲಿ ಹೋಳಿಗೆ ಕಮ್ಮಿ ಬಿತ್ತು ಅನ್ನೋದು, ಎಲ್ಲ ವಾಯ್ಸ್ ಮೆಸೇಜ್ ಮಾಡಿ ಕಳಿಸಿ, ಉತ್ತರಕ್ಕೆ ಕಾಯ್ಬೇಡಿ. ಮಂಗಳದ ರಿಹರ್ಸಲಿನಲ್ಲೂ ಹಾಗೇ ಮಾಡೋದು. ಮಂಗಳ ದೂರ ಇದ್ದಾಗ ಒಂದು ಮಾತು ಅಲ್ಲಿಗೆ ಮುಟ್ಟೋಕೆ 22 ನಿಮಿಷದವರೆಗೂ ಬೇಕು, ಊಟ ಆಯ್ತಾ ಅಂತ ಕೇಳಿ ಆಯ್ತು ಅನ್ನಿಸ್ಕೊಳೋ ಅಷ್ಟರಲ್ಲಿ ಮುಕ್ಕಾಲು ಗಂಟೆ. ಫೋನಲ್ಲಿ ಹರಟೆ ಆಗದ ಮಾತು, ಕಾಗದ ಬರೆದ ಹಾಗೆ ರೆಕಾರ್ಡ್ ಮಾಡಿ ಕಳಿಸ್ತಾರೆ. ಮಗ ನಿದ್ದೆ ಊಟ ಎರಡೂ ಬಿಟ್ಟಿದಾನೆ, ಬದುಕೇ ಬೇಡ ಅನ್ನೋ ಮಾತಾಡ್ತಿದಾನೆ ಅಂತ ಅನ್ನಿಸಿದ್ರೆ ಮಾತ್ರ ಇದನ್ನೆಲ್ಲ ನೆಚ್ಕೊಂಡು ಕೂರ್ಬೇಡಿ, ಹಡಗಿನ ಕ್ಯಾಪ್ಟನ್‌ಗೆ, ಕಂಪನಿಯೋರಿಗೆ ವಿಷಯ ಮುಟ್ಟಿಸಿ. ಏನ್ ಮಾಡ್ಬೇಕು ಅಂತ ನಿಮಗೆ ತೋಚದೆ ಇದ್ರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ.

ಪ್ರಶ್ನೆ: ಮಾಸ್ಕೋದಲ್ಲಿ ಆರೂ ಜನ ಗಂಡಸರೇ ಯಾಕೆ? (ಡಿಗ್ರಿ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಒಳ್ಳೆ ಕಡೆ ಕೈ ಹಾಕಿದೀಯಮ್ಮ. ಅದಕ್ಕೆ ಹತ್ತು ವರ್ಷ ಮುಂಚೆ, ಮಾರ್ಸ್-500 ನಡೆಸಿದ ಅದೇ ಮಾಸ್ಕೋ ಸಂಸ್ಥೆಲಿ ಇನ್ನೊಂದು ಪ್ರಯೋಗ ನಡೆದಿತ್ತು, ಬೇರೆ ಬೇರೆ ದೇಶದೋರನ್ನ ಸೇರಿಸಿ. 1999 ಮುಗಿದು 2000 ಬರೋ ಹೊಸ ವರ್ಷದ ಪಾರ್ಟಿಲಿ ಇಬ್ಬರು ರಷ್ಯನ್ನರು ಗೋಡೆಗೆ ರಕ್ತ ಹಾರೋ ಹಾಗೆ ಹೊಡೆದಾಡಿಕೊಂಡ್ರು, ಕಮಾಂಡರ್ ತನಗೆ ಬಲವಂತವಾಗಿ ಮುತ್ತು ಕೊಟ್ಟ ಅಂತ ಕೆನಡಾದ ಮಹಿಳಾ ವಿಜ್ಞಾನಿ ದೂರು ಹೇಳಿದ್ರು. ಸಂಘಟಕರು ಕೊಟ್ಟ ಉತ್ತರ ಏನು ಗೊತ್ತಾ, ಇದು ಸಂಸ್ಕೃತಿಗಳ ವ್ಯತ್ಯಾಸ ಅಂತ! ಜಪಾನಿನವರೊಬ್ಬರು ಸಾಕಪ್ಪ ಅಂತ ಎದ್ದು ಹೊರಗೇ ಬಂದುಬಿಟ್ರು. ಹೆಂಗಸರು ಇದ್ದಿದ್ದಕ್ಕೆ ತೊಂದ್ರೆ ಆಯ್ತು ಅಂತ ಇದನ್ನ ಓದೋ ಜನ ಇದಾರೆ, ಅವರಿಗೆ ನಾನು ಏನೂ ಹೇಳಲ್ಲ. ನಾಸಾ 2023ರ ಜೂನಿಂದ 2024ರ ಜುಲೈವರೆಗೆ ಹ್ಯೂಸ್ಟನ್‌ನಲ್ಲಿ 378 ದಿನದ ಮಂಗಳವಾಸ ಮಾಡಿಸ್ತಲ್ಲ, ಅದರಲ್ಲಿ ಇಬ್ಬರು ಹೆಂಗಸರು, ಇಬ್ಬರು ಗಂಡಸರು, ಕಮಾಂಡರ್ ಕೆಲ್ಲಿ ಹಾಸ್ಟನ್ ಅನ್ನೋ ಮಹಿಳೆ. 1700 ಚದರಡಿ ಮನೆ, 3ಡಿ ಪ್ರಿಂಟರಲ್ಲಿ ಕಟ್ಟಿದ್ದು. ನಮ್ಮ 30-40 ಸೈಟು 1200 ಚದರಡಿ, ಲೆಕ್ಕ ಹಾಕ್ಕೋ. ನಾಲ್ಕೂ ಜನ ನಗ್ತಾ ಹೊರಗೆ ಬಂದ್ರು.

ಹೆಂಗಸರು ಗಂಡಸರು ಅಂತಲ್ಲ, ಜನ ಒಡೆಯೋದು ಬೇರೆ ಲೆಕ್ಕದಲ್ಲಿ. ಅಮೆರಿಕದ ಅರಿಝೋನಾದಲ್ಲಿ 1991ರಿಂದ 93ರವರೆಗೆ ಬಯೋಸ್ಫಿಯರ್-2 ಅನ್ನೋ ಗಾಜಿನ ಮನೆಲಿ ನಾಲ್ವರು ಹೆಂಗಸರು, ನಾಲ್ವರು ಗಂಡಸರು ಎರಡು ವರ್ಷ ಇದ್ರು. ತಾವೇ ಬೆಳೆದುಕೊಂಡು ತಿನ್ನಬೇಕು, ಹೊಟ್ಟೆಗೆ ಸಾಲದು, ಅದರ ಮೇಲೆ ಆಮ್ಲಜನಕ 21 ಪರ್ಸೆಂಟಿಂದ 14ರ ಹತ್ರ ಇಳಿದು ಮೆಟ್ಟಿಲು ಹತ್ತೋಕೂ ಏದುಸಿರು. ಎಂಟು ಜನ ನಾಲ್ಕು ನಾಲ್ಕಾಗಿ ಒಡೆದು ಎರಡು ಪಾರ್ಟಿ ಆದ್ರು, ನಮ್ಮ ಪಂಚಾಯ್ತಿ ಎಲೆಕ್ಷನ್ ಥರ. ಆದ್ರೂ ಹಸಿದುಕೊಂಡು, ಮುಖ ತಿರುಗಿಸಿಕೊಂಡು, ಹೊಲದ ಕೆಲಸ ಮಾತ್ರ ಎರಡು ವರ್ಷವೂ ನಿಲ್ಲಿಸ್ಲಿಲ್ಲ. ನನಗೆ ಇದರಲ್ಲಿ ಇಷ್ಟ ಆಗೋದು ಅದೇ.

ಪ್ರಶ್ನೆ: ಅಷ್ಟು ದಿನ ಊಟಕ್ಕೇನು? ನಮ್ಮ ಮೈಸೂರಿನ ಡಿಎಫ್‌ಆರ್‌ಎಲ್‌ನೋರೇ ಗಗನಯಾತ್ರಿಗಳಿಗೆ ಊಟ ಮಾಡ್ತಾರಂತೆ ಹೌದಾ? (ಹೋಟೆಲ್ ನಡೆಸೋರು, ನಂಜನಗೂಡು ರಸ್ತೆ)

ಉತ್ತರ: ಹೌದು, ಸಿದ್ಧಾರ್ಥನಗರದಲ್ಲಿರೋ ರಕ್ಷಣಾ ಆಹಾರ ಸಂಶೋಧನಾಲಯ, 1961ರಲ್ಲಿ ಶುರುವಾಗಿದ್ದು. 1984ರ ಏಪ್ರಿಲಲ್ಲಿ ರಾಕೇಶ್ ಶರ್ಮಾ ಹೋದಾಗ ಜೊತೆಗೆ ಹೋದ ನಮ್ಮ ದೇಶದ ತಿಂಡಿ ಇಲ್ಲಿಂದಾನೇ ಹೋಗಿದ್ದು, ಗಗನಯಾನಕ್ಕೂ ಇಲ್ಲೇ ತಯಾರಿ. ಎಂಟು ದಿನಕ್ಕೆ ರುಚಿ ಸಾಕು, ಎಂಟು ತಿಂಗಳಿಗೆ ಬೇರೇನೇ ಕಥೆ. ಒಂದೇ ಪ್ಯಾಕೆಟ್ ತಿಂದೂ ತಿಂದೂ ಜನ ತಿನ್ನೋದನ್ನೇ ಕಡಿಮೆ ಮಾಡಿಬಿಡ್ತಾರೆ, ಪೌಷ್ಟಿಕಾಂಶ ಲೆಕ್ಕ ಹಾಕಿ ತುಂಬಿದ್ರೂ ಹೊಟ್ಟೆಗೆ ಹೋದ್ರೆ ತಾನೇ. ಹವಾಯಿಯ ಮೌನಾ ಲೋವಾ ಜ್ವಾಲಾಮುಖಿ ಮೇಲೆ ಎರಡೂವರೆ ಸಾವಿರ ಮೀಟರ್ ಎತ್ತರದಲ್ಲಿ ಒಂದು ಗುಮ್ಮಟ ಕಟ್ಟಿದಾರೆ, 2013ರಲ್ಲಿ ಅಲ್ಲಿ ಮೊದಲನೇ ತಂಡ ನಾಲ್ಕು ತಿಂಗಳು ಇದ್ದಿದ್ದೇ ಅಡುಗೆ ವಿಚಾರಕ್ಕೆ, ರೆಡಿಮೇಡ್ ತಿಂದ್ರೆ ಹೇಗೆ, ತಾವೇ ಒಗ್ಗರಣೆ ಹಾಕ್ಕೊಂಡು ತಿಂದ್ರೆ ಹೇಗೆ ಅಂತ. ಟೈಮ್ ಜಾಸ್ತಿ, ನೀರು ಜಾಸ್ತಿ, ಆದ್ರೆ ಅಡುಗೆ ಮಾಡೋದು ಅಂದ್ರೆ ಒಂದಷ್ಟು ಜನ ಒಂದು ಕಡೆ ಸೇರೋದು. ಹೋಟೆಲ್ ನಡೆಸೋ ನಿಮಗೆ ನಾನು ಹೇಳ್ಬೇಕಾ.

ಉಪ್ಪಿನ ಕಥೆ ಮಾತ್ರ ಹೇಳ್ಲೇಬೇಕು. ಮಾಸ್ಕೋದ ಆ ಮುಚ್ಚಿದ ಬಾಗಿಲ ಹಿಂದೆ ಒಬ್ಬೊಬ್ಬರು ತಿಂದ ಪ್ರತಿ ತುತ್ತು, ಕುಡಿದ ಪ್ರತಿ ಗುಟುಕು, ಉಚ್ಚೆ ಕೂಡ ಅಳೆದು ಇಟ್ಟಿದ್ರು, ಹೊರಗೆ ಯಾರಿಗೂ ಇಷ್ಟು ತಿಂಗಳು ಹೀಗೆ ಅಳೆಸಿಕೊಳ್ಳೋಕೆ ತಾಳ್ಮೆ ಇರಲ್ಲ. ದಿನಕ್ಕೆ 12 ಗ್ರಾಂ ಉಪ್ಪು ಕೊಟ್ಟು, ಆಮೇಲೆ 9, ಆಮೇಲೆ 6 ಮಾಡ್ಕೊಂಡು ಬಂದ್ರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ನಮ್ಮ ಗಾದೆ. ಅಲ್ಲಿ ಕಂಡಿದ್ದು ಉಲ್ಟಾ, ಉಪ್ಪು ಜಾಸ್ತಿ ಇದ್ದ ವಾರಗಳಲ್ಲಿ ಅವರು ಕುಡಿದ ನೀರು ಕಡಿಮೆ, ಹಸಿವು ಜಾಸ್ತಿ! ದೇಹ ಒಳಗೊಳಗೇ ನೀರು ಉಳಿಸಿಕೊಳ್ಳೋಕೆ ಶುರು ಮಾಡಿತ್ತು, ಅದಕ್ಕೆ ಶಕ್ತಿ ಖರ್ಚಾಗ್ತಿತ್ತು. ಇದು 2017ರಲ್ಲಿ ಪ್ರಕಟವಾದಾಗ ಡಾಕ್ಟರುಗಳೇ ತಲೆ ಕೆರ್ಕೊಂಡ್ರು. ಖಾರಾ ಬೂಂದಿ ತಿಂದ ತಕ್ಷಣ ನೀರು ಬೇಕಾಗೋದು ನಿಜಾನೇ, ಇದು ವಾರಗಟ್ಟಲೆಯ ಲೆಕ್ಕ, ಹಾಗಾಗಿ ಗಾದೇನ ಇವತ್ತೇ ಬಿಸಾಕ್ಬೇಡಿ.

ಪ್ರಶ್ನೆ: ಇಂಡಿಯಾದಲ್ಲಿ ಇಂಥದ್ದು ಇಲ್ವಾ? (ಪಿಯುಸಿ ಹುಡುಗ, ಮದ್ದೂರು)

ಉತ್ತರ: ಇದೆ, ಈಗೀಗ ಶುರು. 2024ರ ನವೆಂಬರಲ್ಲಿ ಇಸ್ರೋದೋರು ಬೇರೆ ಸಂಸ್ಥೆಗಳ ಜೊತೆ ಸೇರಿ ಲೇಹ್‌ನಲ್ಲಿ ಒಂದು ಮಾಡಿದ್ರು. 2025ರ ಆಗಸ್ಟಲ್ಲಿ ಲಡಾಖಿನ ತ್ಸೋ ಕರ್ ಅನ್ನೋ ಉಪ್ಪು ಕೆರೆ ಕಣಿವೇಲಿ ಹೋಪ್ ಅಂತ ಎರಡು ಗುಮ್ಮಟ ಹಾಕಿ ಇಬ್ಬರು ಹತ್ತು ದಿನ ಇದ್ರು, ಅದನ್ನ ಕಟ್ಟಿದ್ದು ಬೆಂಗಳೂರಿನ ಕಂಪನಿ. ಅದಕ್ಕೆ ಒಂದು ತಿಂಗಳು ಮುಂಚೆ ಬೆಂಗಳೂರಲ್ಲೇ, ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಲಿ, ಗಗನಯಾನಕ್ಕೆ ಆಯ್ಕೆಯಾಗಿರೋ ಅಂಗದ್ ಪ್ರತಾಪ್ ಮತ್ತೆ ಇನ್ನಿಬ್ಬರು ಹತ್ತು ದಿನ ನೌಕೆ ಮಾದರಿ ಒಳಗೆ ಕೂತಿದ್ರು. ಹತ್ತು ದಿನ ಏನೂ ಅಲ್ಲ ಅಂತ ನೀನು ಅನ್ಬಹುದು, ಮೊದಲನೇ ಸಲ ಅಷ್ಟು ಸಾಕು. ರಾಕೇಶ್ ಶರ್ಮಾ ಅವರನ್ನೂ ಆರಿಸೋ ಮುಂಚೆ ಬೆಂಗಳೂರಲ್ಲಿ ಒಂದು ರೂಮೊಳಗೆ 72 ಗಂಟೆ ಬೀಗ ಹಾಕಿ ಇಟ್ಟಿದ್ರಂತೆ, ಮುಚ್ಚಿದ ಜಾಗ ಅಂದ್ರೆ ಹೆದರಿಕೆ ಇದ್ಯಾ ಅಂತ ನೋಡೋಕೆ. ನೀನು ಮೊದಲು ಫೋನ್ ಇಲ್ದೆ ಒಂದು ಭಾನುವಾರ ಇದ್ದು ನೋಡಿ ನನಗೆ ಬರಿ.

ಪ್ರಶ್ನೆ: ಸಾ, ಸುಮ್ಕೆ ಮನೀಕಂಡಿರಕ್ಕೆ ಲಕ್ಷಗಟ್ಲೆ ಕಾಸು ಕೊಡ್ತರಂತಲ್ಲ, ದಿಟವಾ? ನಮ್ಮ ಮಾವ ಬೆಳಗಿಂದ ಸಂಜೆಗಂಟ ಜಗಲಿ ಮೇಲೆ ಅದೇ ಕಸುಬು ಮಾಡ್ತಾವ್ರೆ, ಕಳ್ಸಿಕೊಡ್ಬೌದಾ? (ಪಾಂಡವಪುರ ತಾಲೂಕು, ಮಂಡ್ಯ ಜಿಲ್ಲೆ)

ಉತ್ತರ: ದಿಟ ಕಣಪ್ಪ. 2019ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ನಾಸಾ ಜೊತೆ ಸೇರಿ ಮಾಡಿದ್ರು, ಒಟ್ಟು 89 ದಿನ, ಅದರಲ್ಲಿ 60 ದಿನ ಮಂಚದ ಮೇಲೇ, ಕೊಟ್ಟಿದ್ದು 16,500 ಯೂರೋ. ತೂಕ ಇಲ್ಲದ ಜಾಗದಲ್ಲಿ ರಕ್ತ, ನೀರು ಎಲ್ಲ ತಲೆ ಕಡೆ ನುಗ್ಗುತ್ತಲ್ಲ, ಮೂಳೆ ಮಾಂಸ ಸವೆಯುತ್ತಲ್ಲ, ಅದನ್ನ ಭೂಮಿ ಮೇಲೆ ತರಿಸೋಕೆ ಇದೊಂದು ದಾರಿ. ಮಂಚದ ತಲೆಕಡೆ 6 ಡಿಗ್ರಿ ಕೆಳಗೆ, ಕಾಲು ಮೇಲೆ. ಊಟ, ಸ್ನಾನ, ಕಕ್ಕಸು ಎಲ್ಲ ಅದೇ ಭಂಗಿಲಿ, ಒಂದು ಭುಜ ಯಾವಾಗಲೂ ಹಾಸಿಗೆಗೆ ತಾಗಿರಬೇಕು, ಎದ್ದು ಕೂರೋದಿರಲಿ ದಿಂಬೂ ಇಲ್ಲ. ಅವರು ಕೇಳಿದ್ದ ವಯಸ್ಸು 24ರಿಂದ 55, ಜೊತೆಗೆ ಜರ್ಮನ್ ಭಾಷೆ ಬರಬೇಕಿತ್ತು. ನಿಮ್ಮ ಮಾವ ಮಧ್ಯ ಮಧ್ಯ ಬೀಡಿ ಸೇದಕ್ಕೆ ಎದ್ದು ಕೂರ್ತಾರಾ ಅಂತ ಮೊದಲು ನೋಡ್ಕಳಿ.